ಹೆಂಡತಿಗೂ ನಿಲ್ಲದ ಬಸ್ಸು

ನಮ್ಮ ಜೇವರ್ಗಿಯಲ್ಲಿ ಮರೆಮ್ಮ ಅಂದರೆ ಯಾವ ಮರೆಮ್ಮ ಎಂದು ಕೇಳುತ್ತಾರೆ. ಡ್ರೈವರ್ ದೇವೀಂದ್ರಪ್ಪನ ಮರೆಮ್ಮ ಅಂದರೆ ಮುಂದಿನ ಪ್ರಶ್ನೆ ಇಲ್ಲ, ಸಣ್ಣಗೆ ಒಂದು ನಗೆ ಬರುತ್ತದೆ. ಸರ್ಕಾರಿ ಬಸ್ಸಿನ ಡ್ರೈವರನನ್ನು ಕಟ್ಟಿಕೊಂಡ ಹೆಣ್ಣುಮಗಳು ಬಸ್ಸು ಹತ್ತದೆಯೇ ಸಂಸಾರ ಮಾಡಿದಳು ಎಂಬುದು ಆ ನಗೆಗೆ ಕಾರಣ. ನಾನು ಅವರ ಗೋಡೆಗೆ ಗೋಡೆ ಹಚ್ಚಿಕೊಂಡ ಮನೆಯವಳು, ಅಂಗನವಾಡಿಯಲ್ಲಿ ಮಕ್ಕಳನ್ನು ಆಡಿಸಿ ಈಗ ಮನೆಯಲ್ಲಿ ಕೂತವಳು. ನನಗೆ ಆ ನಗೆ ಕಂಡರೆ ಮೈ ಉರಿಯುತ್ತದೆ. ಆದರೂ ಊರ ಬಾಯಿಗೆ ಕೈ ಅಡ್ಡ ಇಡಲಾಗುವುದಿಲ್ಲ.

ಮರೆಮ್ಮನಿಗೆ ಮುಚ್ಚಿದ ಗಾಡಿ ಆಗುವುದಿಲ್ಲ. ಒಳಗೆ ಕೂತು ಬಾಗಿಲು ಹಾಕಿ ಗಾಡಿ ಸ್ವಲ್ಪ ದೂರ ಹೋಯಿತೋ ಇಲ್ಲವೋ, ಬಾಯಲ್ಲಿ ನೀರೂರಿ ಹೊಟ್ಟೆ ತೊಳಸತೊಡಗುತ್ತದೆ. ಅಂದೋಲಾದ ತವರಿನಿಂದ ಮದುವೆಯಾಗಿ ಬಂದ ದಿನವೇ ದಾರಿಯುದ್ದ ವಾಂತಿ ಮಾಡಿಕೊಂಡು ಬಂದವಳು. ಕೈಯಲ್ಲಿ ನಿಂಬೆಹಣ್ಣು ಹಿಡಿದಳು, ಬಾಯಲ್ಲಿ ಹುಣಸೆ ಇಟ್ಟಳು, ಯಾರೋ ಹೇಳಿದರೆಂದು ಸೀಟಿನ ಮೇಲೆ ಪೇಪರ್ ಹಾಸಿ ಅದರ ಮೇಲೆ ಕೂತಳು. ಯಾವುದಕ್ಕೂ ಅವಳ ಹೊಟ್ಟೆ ಜಗ್ಗಲಿಲ್ಲ. ದೇವೀಂದ್ರಪ್ಪ ಆಗ ಹೊಸದಾಗಿ ನೌಕರಿಗೆ ಸೇರಿದ್ದ. ಆಳಂದ, ಅಫಜಲಪುರ, ಅತನೂರ ಅಂತ ಯಾವ ದಾರಿ ಕೊಟ್ಟರೂ ಓಡಿಸುತ್ತಿದ್ದ, ಹೊಸ ಖಾಕಿ ಅಂಗಿಯನ್ನು ದಿನಾ ಇಸ್ತ್ರಿ ಮಾಡಿಸುತ್ತಿದ್ದ. ಈಜು ಬಾರದ ಮೀನನ್ನು ಕಟ್ಟಿಕೊಂಡೆ ಎಂದು ಡಿಪೋದಲ್ಲಿ ತಾನೇ ಹೇಳಿ ತಾನೇ ನಗುತ್ತಿದ್ದನಂತೆ. ಬೇರೆಯವರು ನಗುವ ಮೊದಲು ತಾನೇ ನಕ್ಕುಬಿಡುವುದು ಅವನ ಉಪಾಯ.

ಅವಳು ಮನೆಯಲ್ಲಿ ಕೂತವಳೂ ಅಲ್ಲ. ತೊಗರಿ ಬೇಳೆ ಮಿಲ್ಲಿನಲ್ಲಿ ಮೊರ ಹಿಡಿದು ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಆ ಮಿಲ್ಲಿನ ಸಪ್ಪಳದಲ್ಲಿ ಇಡೀ ದಿನ ಕೂತು ಬಂದವಳಿಗೆ ಮನೆಯಲ್ಲಿ ನಾವು ಮಾತಾಡಿದ್ದು ಪಿಸುಗುಟ್ಟಿದಂತೆ ಕೇಳಿಸುತ್ತಿತ್ತು, ಅದಕ್ಕೆ ಅವಳ ಮಾತು ಯಾವಾಗಲೂ ದೊಡ್ಡ ದನಿಯಲ್ಲೇ. ಎಲ್ಲಿಗಾದರೂ ಹೋಗಬೇಕಾದರೆ ತೆರೆದ ಟ್ರ್ಯಾಕ್ಟರಿನಲ್ಲಿ ನಿಂತು ಹೋಗುತ್ತಿದ್ದಳು, ಇಲ್ಲವೇ ನಡೆಯುತ್ತಿದ್ದಳು. ಮಗ ದೇವಾನಂದ ಆಳಂದದ ಕಡೆ ಶಾಲೆ ಮಾಸ್ತರನಾದ ಮೇಲೆ ಅವನ ಮೋಟರ್‌ಸೈಕಲ್ ಹಿಂದೆ ಕೂತು ಒಮ್ಮೆ ಹೋಗಿ ಬಂದಳು. ಬಿಸಿಲಿಗೆ ಮುಖ ಕರಕಾಗಿತ್ತು, ಆದರೆ ವಾಂತಿ ಆಗಿರಲಿಲ್ಲ ಎಂದು ಓಣಿ ತುಂಬ ಹೇಳಿಕೊಂಡಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗ ಓಣಿಯ ಹೆಂಗಸರೆಲ್ಲ ಕಂಡ ಕಂಡ ಊರಿಗೆ ಹೋಗಿ ಬಂದೆವು. ಮರೆಮ್ಮ ಮಾತ್ರ ಕಟ್ಟೆಯ ಮೇಲೆ ಕೂತು ನಮ್ಮ ಮನೆಗಳ ಕೀಲಿಕೈ ಕಾದಳು.

ಆದರೆ ಬಸ್ಸನ್ನು ಪೂರಾ ಬಿಟ್ಟದ್ದು ವಾಂತಿಗಲ್ಲ. ಅದಕ್ಕೊಂದು ದಿನ ಇದೆ. ದೇವಾನಂದ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಆಗ ಮನೆಮನೆಗೆ ಫೋನಿರಲಿಲ್ಲ, ಊರಿಂದೂರಿಗೆ ಸಾವಿನ ಸುದ್ದಿ ಹೊರುವವರು ಬಸ್ಸಿನವರೇ. ಸತ್ತವರ ಮನೆಯವರು ಮೊದಲ ಬಸ್ಸಿಗೆ ಅಡ್ಡ ನಿಂತು, ಇಂಥ ಊರಲ್ಲಿ ಇಂಥವರಿಗೆ ಹೇಳಿ ಎಂದರೆ ಡ್ರೈವರ್ ಕಂಡಕ್ಟರ್ ತಪ್ಪದೆ ಮುಟ್ಟಿಸುತ್ತಿದ್ದರು. ಅದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ಅದೊಂದು ಋಣದ ಕೆಲಸ. ಹಾಗೆ ಅಂದೋಲಾದಲ್ಲಿ ಒಂದು ಮುಂಜಾನೆ ದೇವೀಂದ್ರಪ್ಪನ ಬಸ್ಸಿಗೆ ಅಡ್ಡ ನಿಂತವರು ಅವನ ಹೆಂಡತಿಯ ಅಣ್ಣಂದಿರು. ಮರೆಮ್ಮನ ತಾಯಿ ತೀರಿಕೊಂಡಿದ್ದಳು. ತನ್ನ ಅತ್ತೆಯ ಸುದ್ದಿಯನ್ನು ತಾನೇ ಹೊತ್ತುಕೊಂಡು ಅವನು ಜೇವರ್ಗಿಗೆ ಬಂದ, ಮನೆಗೆ ಬಂದು ಹೇಳಿದ, ಮುಂದಿನ ಟ್ರಿಪ್ಪಿಗೆ ಅವಳನ್ನು ಹತ್ತಿಸಿಕೊಂಡ. ಕೂಸನ್ನು ನನ್ನ ಹತ್ತಿರ ಬಿಟ್ಟು ಹೋದಳು.

ಅವತ್ತು ಜೇವರ್ಗಿ ಸಂತೆ, ಬಸ್ಸು ಕಿಕ್ಕಿರಿದಿತ್ತು. ಅತ್ತು ಅತ್ತು ಖಾಲಿ ಹೊಟ್ಟೆಯಲ್ಲಿದ್ದ ಮರೆಮ್ಮ ಅರ್ಧ ದಾರಿಯಲ್ಲಿ ತಡೆಯಲಾರದೆ ಪಕ್ಕದ ಹೆಂಗಸಿನ ಉಡಿಯಲ್ಲೇ ವಾಂತಿ ಮಾಡಿದಳು. ಆ ಹೆಂಗಸು ಬೈದಳು, ಜನ ಗಲಾಟೆ ಮಾಡಿದರು, ಬಸ್ಸು ನಿಂತಿತು. ಮರೆಮ್ಮ ಇಳಿದು ಹೊಲದ ದಂಡೆಯ ಬೇವಿನ ಗಿಡದ ಹಿಂದೆ ಹೋಗಿ ಕೂತಳು. ಬಸ್ಸಿನ ಸದ್ದು ಕೇಳಿತು. ಬಿಸಿಲಿದೆಯಲ್ಲ, ನೆರಳು ನೋಡಿ ನಿಲ್ಲಿಸುತ್ತಿದ್ದಾನೆ ಅಂದುಕೊಂಡಳು. ಮುಖ ಒರೆಸಿಕೊಂಡು ಎದ್ದು ಬಂದಾಗ ರಸ್ತೆಯ ಮೇಲೆ ಧೂಳು ಮಾತ್ರ ಇತ್ತು.

ಹಿಂದೆ ಬಂದ ಜೀಪು ಛತ್ತಿನ ಮೇಲೂ ಜನ ಹೊತ್ತುಕೊಂಡು ಹೋಗುತ್ತಿತ್ತು, ನಿಲ್ಲಲಿಲ್ಲ. ಅವಳು ನಡೆದಳು. ಅಂದೋಲಾದಲ್ಲಿ ಅಣ್ಣಂದಿರು ತಂಗಿ ಎಲ್ಲಿ ಎಂದರೆ, ಹಿಂದಿನ ಜೀಪಿಗೆ ಬರುತ್ತಾಳೆ ಎಂದು ಹೇಳಿ ದೇವೀಂದ್ರಪ್ಪ ಬಸ್ಸು ಮುಂದೆ ಹೊಡೆದಿದ್ದ, ಆ ಬಸ್ಸು ಅಂದೋಲಾ ದಾಟಿ ಇನ್ನೂ ಮುಂದಿನ ಊರುಗಳಿಗೆ ಹೋಗುವಂಥದ್ದು. ಅವರೂ ಕಾದರು. ಹೊತ್ತು ಮುಳುಗುವ ಮೊದಲು ಮಣ್ಣು ಆಗಬೇಕು, ಎಷ್ಟು ಅಂತ ಕಾದಾರು? ಮರೆಮ್ಮ ಮುಟ್ಟಿದಾಗ ಕುಣಿ ಮುಚ್ಚಿ ಮೇಲೆ ನೀರು ಚಿಮುಕಿಸುತ್ತಿದ್ದರು. ಹೆತ್ತವ್ವನ ಮುಖ ನೋಡಲಿಲ್ಲ. ಎಲ್ಲರೂ ಕುಣಿಯೊಳಗೆ ಹಾಕಿದ ಹಿಡಿ ಮಣ್ಣನ್ನು ಅವಳು ದಿನ್ನೆಯ ಮೇಲೆ ಹಾಕಿ ಬಂದಳು. ಅಂದಿನಿಂದ ಅವಳು ಬಸ್ಸಿನ ಮೆಟ್ಟಿಲು ತುಳಿಯಲಿಲ್ಲ.

ಇಷ್ಟೇ ಆಗಿದ್ದರೆ ಒಂದು ಮನೆಯ ದುಃಖವಾಗಿ ಉಳಿಯುತ್ತಿತ್ತು. ಅದು ಹೊಗಳಿಕೆಯಾಗಿ ಬೆಳೆದದ್ದು ಕಷ್ಟದ ಮಾತು. ಟೈಮ್ ಆಗಿತ್ತು, ಅದಕ್ಕೆ ಹೊರಟೆ ಎಂದು ದೇವೀಂದ್ರಪ್ಪ ಡಿಪೋದಲ್ಲಿ ಹೇಳಿದನಂತೆ. ಡ್ಯೂಟಿ ಅಂದರೆ ಹೀಗಿರಬೇಕು ಎಂದು ಅಲ್ಲಿ ಒಬ್ಬರು ಮೆಚ್ಚಿದರು, ಮೆಚ್ಚಿದ್ದನ್ನು ಹತ್ತು ಮಂದಿ ಹೊತ್ತು ತಿರುಗಿದರು. ಹೊಸದಾಗಿ ಸೇರಿದ ಡ್ರೈವರುಗಳಿಗೆ ಬುದ್ಧಿ ಹೇಳುವಾಗಲೆಲ್ಲ, ದೇವೀಂದ್ರಪ್ಪನ ಬಸ್ಸು ಹೆಂಡತಿಗೂ ನಿಲ್ಲಲಿಲ್ಲ ನೋಡು ಎನ್ನುವುದು ವಾಡಿಕೆಯಾಯಿತು. ಅವನು ರಿಟೈರ್ ಆದ ದಿನ ಶಾಲು ಹೊದಿಸಿ ಹಾರ ಹಾಕಿದ ಸಮಾರಂಭದಲ್ಲಿ ಮೈಕ್ ಹಿಡಿದವರೆಲ್ಲ ಅದನ್ನೇ ಹೇಳಿದರು. ಮರೆಮ್ಮ ನನ್ನ ಪಕ್ಕದಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಳು, ನಡೆದುಕೊಂಡು ಬಂದು. ಜನ ಚಪ್ಪಾಳೆ ಹೊಡೆದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಅಲ್ಲಿ ಯಾರಾದರೂ ಎದ್ದು ಹೇಳಬೇಕಿತ್ತು, ಯಾರೂ ಹೇಳಲಿಲ್ಲ.

ಅವಳಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಅದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ.

"ಅವರು ಬಾಯಿ ಬಿಟ್ಟು ಒಮ್ಮೆ ತಪ್ಪಾತು ಅನ್ಲಿ ಅಕ್ಕೋರ, ಸಾಕು ನನಗ. ಸಾಯೂತನಕ ಮತ್ತ ಆ ಮಾತು ತಗ್ಯಂಗಿಲ್ಲ."

ಅವನು ಅನ್ನಲಿಲ್ಲ. ಕೆಟ್ಟವನೇನಲ್ಲ, ಅದನ್ನೂ ಹೇಳಬೇಕು. ಕುಡಿಯಲಿಲ್ಲ, ಹೊಡೆಯಲಿಲ್ಲ, ಪಗಾರವನ್ನು ಅವಳ ಕೈಗೇ ಕೊಟ್ಟ. ದಿನಾ ಸಂಜೆ ಅವಳಿಗೆ ಒಂದು ಪುಡಿಕೆ ಭಜಿಯೋ ಬಾಳೆಹಣ್ಣೋ ತರದೆ ಮನೆಗೆ ಬರುತ್ತಿರಲಿಲ್ಲ. ಆ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಅವನ ಬಾಯಿಂದ ಬರುತ್ತಿತ್ತು.

ರಿಟೈರ್ ಆದ ಮೇಲೆ ಅವನು ಒಂದು ಹಳೆಯ ಶಾಲೆ ವ್ಯಾನು ಕೊಂಡು ತಂದ. ಗ್ಯಾರೇಜಿನ ಖಾಜಾನ ಕೈಯಲ್ಲಿ ಅದರ ಸೀಟುಗಳನ್ನು ಕೀಳಿಸಿ, ಒಳಗೆ ಮಲಗುವ ಹಲಗೆ, ಗ್ಯಾಸ್ ಒಲೆ, ನೀರಿನ ಟಾಕಿ, ಮೂಲೆಯಲ್ಲಿ ಒಂದು ಸಣ್ಣ ಬಚ್ಚಲು ಮಾಡಿಸಿದ. ಕಿಟಕಿಗಳನ್ನು ದೊಡ್ಡದು ಮಾಡಿಸಿದ, ಗಾಳಿ ಆಡಲಿ ಎಂದು. ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದೆ. ಆಳಂದ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದಾಗ ಕಡಗಂಚಿಯ ಯೂನಿವರ್ಸಿಟಿ ಹತ್ತಿರ ಇಂಥದೊಂದು ಗಾಡಿ ಕೆಲವು ದಿನ ನಿಂತಿತ್ತಂತೆ. ಯಾರೋ ಬಿಳಿ ತೊಗಲಿನ ಗಂಡಹೆಂಡಿರು. ಗಂಡ ತತ್ತಿ ಕರಿಯುತ್ತಿದ್ದ, ಹೆಂಡತಿ ಕುರ್ಚಿ ಹಾಕಿಕೊಂಡು ಪುಸ್ತಕ ಓದುತ್ತಿದ್ದಳು, ಗಾಡಿಗೂ ಗಿಡಕ್ಕೂ ಹಗ್ಗ ಕಟ್ಟಿ ಅರಿವೆ ಒಣಹಾಕಿದ್ದರು. ಗಾಡಿ ಇದ್ದೂ ಎಲ್ಲಿಗೂ ಹೋಗುವ ಅವಸರವಿಲ್ಲದ ಮನುಷ್ಯನನ್ನು ಅವನು ನೋಡಿದ್ದು ಅದೇ ಮೊದಲು. ಓಣಿಯವರು ಅವನ ವ್ಯಾನಿಗೆ ಮನಿಗಾಡಿ ಎಂದು ಹೆಸರಿಟ್ಟರು.

"ಸಮುದ್ರ ನೋಡೂಣು ನಡಿ ಮರೆಮ್ಮ" ಎಂದ. "ನೀ ಎಲ್ಲಿ ಅಂತೀ ಅಲ್ಲಿ ನಿಂದ್ರಸ್ತೇನಿ. ಗಿಡ ಕಂಡ್ರ ಗಿಡದ ಬುಡಕ, ಹಳ್ಳ ಕಂಡ್ರ ಹಳ್ಳದ ದಂಡಿಗಿ. ನಮಗೇನು ಟೈಮ್ ಅದ ಏನು?"

ಗಂಡಸರು ಹೀಗೇ. ಒಂದು ಮಾತು ಆಡುವ ಬದಲು ಒಂದು ಗಾಡಿಯನ್ನೇ ಕಟ್ಟಿಸುತ್ತಾರೆ. ಮರೆಮ್ಮ ಮೊದಲು ಒಲ್ಲೆ ಅಂದಳು. ಆಮೇಲೆ ನನ್ನ ಹತ್ತಿರ ಬಂದು, ಊರು ಬಿಟ್ಟು ದೂರ ಹೋದರೆ ಬಾಯಿ ಬಿಟ್ಟಾರೇನೋ ಎಂದಳು. ಆ ಒಂದು ಆಸೆಗೆ ಒಪ್ಪಿದಳು, ಸಮುದ್ರಕ್ಕಲ್ಲ. ವಾರಗಟ್ಟಲೆ ಕೆಡದ ಕಟಕ ರೊಟ್ಟಿಯ ಗಂಟು ಕಟ್ಟಿಕೊಂಡಳು, ಶೇಂಗಾ ಹಿಂಡಿ ಡಬ್ಬಿ ತುಂಬಿಕೊಂಡಳು, ಗೋಡೆಯ ಬುದ್ಧ ಬಾಬಾಸಾಹೇಬರ ಪಟಕ್ಕೆ ಕೈ ಮುಗಿದು ಹೊರಟಳು. ಚಳಿಗಾಲ ಮುಗಿಯುತ್ತಿತ್ತು, ಹೊಲಗಳಲ್ಲಿ ಜೋಳ ತೆನೆ ಬಿಟ್ಟು ನಿಂತಿತ್ತು.

ಮುಂದಿನದನ್ನು ನಾನು ಇಬ್ಬರಿಂದಲೂ ಬೇರೆಬೇರೆ ಕೇಳಿದ್ದೇನೆ. ಒಂದು ಕಡೆ ಬಿಟ್ಟರೆ ಇಬ್ಬರ ಮಾತೂ ಕೂಡುತ್ತವೆ, ಅದೇ ಆಶ್ಚರ್ಯ.

ಸಿಂದಗಿ ದಾಟುವುದರೊಳಗೆ ಅವಳು ಗಾಡಿ ನಿಲ್ಲಿಸಿದ್ದಕ್ಕೆ ಲೆಕ್ಕವಿಲ್ಲ. ಮೊದಮೊದಲು ಹೊಟ್ಟೆ ತೊಳಸಿ ನಿಲ್ಲಿಸಿದಳು. ಅವನು ಅವಳನ್ನು ಮುಂದೆ ತನ್ನ ಎಡಗಡೆ ಸೀಟಿನಲ್ಲಿ ಕೂರಿಸಿದ್ದ, ಕಿಟಕಿ ಪೂರಾ ತೆರೆದು ಎತ್ತಿನ ಬಂಡಿಗಿಂತ ತುಸು ಜೋರಾಗಿ ಓಡಿಸುತ್ತಿದ್ದ. ಮುಂದಿನ ರಸ್ತೆ ಕಾಣುತ್ತಿದ್ದರೆ ಹೊಟ್ಟೆ ಸುಮ್ಮನಿರುತ್ತದೆ ಎಂಬುದು ಅವಳಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ಆಮೇಲೆ ಅವಳು ಸುಮ್ಮಸುಮ್ಮನೆ ನಿಲ್ಲಿಸತೊಡಗಿದಳು. ದ್ರಾಕ್ಷಿ ತೋಟ ಕಂಡರೆ ನಿಂದ್ರಸ್ರಿ, ಕುರಿ ಹಿಂಡು ಕಂಡರೆ ನಿಂದ್ರಸ್ರಿ, ಹಾದಿ ಮೇಲೆ ಯಾರೋ ಬದನೆಕಾಯಿ ಮಾರುತ್ತಿದ್ದರೆ ನಿಂದ್ರಸ್ರಿ. ಅವನು ಒಂದು ಸಲವೂ ಮುಖ ಗಂಟು ಹಾಕದೆ ಬ್ರೇಕ್ ತುಳಿದ. ತಾನು ಪರೀಕ್ಷೆ ಮಾಡುತ್ತಿದ್ದುದು ಅವನಿಗೆ ಗೊತ್ತಾಗಲಿಲ್ಲ ಎಂದು ಅವಳು ಹೇಳುತ್ತಾಳೆ. ಗೊತ್ತಿತ್ತು ಎಂದು ಅವನು ಹೇಳುತ್ತಾನೆ.

ಹುಬ್ಬಳ್ಳಿ ದಾಟಿ ಯಲ್ಲಾಪುರದ ಕಾಡು ಹೊಕ್ಕು ಘಟ್ಟ ಇಳಿಯುವಾಗ ಹಿಂದೆ ಲಾರಿಗಳ ಸಾಲು ಬೆಳೆಯಿತು. ಹಾರ್ನ್ ಹೊಡೆದರು, ಪಕ್ಕಕ್ಕೆ ಬಂದು ಬೈದರು. ಜನ್ಮವಿಡೀ ಬೇರೆಯವರಿಗೆ ಹಾಗೆ ಹಾರ್ನ್ ಹೊಡೆದವನು ಕೈ ಹೊರಗೆ ಹಾಕಿ ಮುಂದೆ ಹೋಗಿ ಎಂದು ದಾರಿ ಬಿಡುತ್ತ ಕೂತ. ಒಂದು ತಿರುವಿನಲ್ಲಿ ಮರೆಮ್ಮನಿಗೆ ತಡೆಯಲಾಗಲಿಲ್ಲ. ಅವನೇ ಇಳಿದು ನೀರು ಕೊಟ್ಟು ಬೆನ್ನು ಸವರಿದ. ಆಗ ಬಾಯಿ ಬಿಡಬಹುದು ಎಂದು ಅವಳು ಅವನ ಮುಖವನ್ನೇ ನೋಡಿದಳು. ಈ ಘಟ್ಟದಲ್ಲಿ ಎಂಥೆಂಥ ಡ್ರೈವರುಗಳಿಗೂ ಕೈ ನಡುಗುತ್ತದೆ ಎಂದು ಅವನು ರಸ್ತೆಯ ವಿಷಯ ಮಾತಾಡಿದ.

ಅಂಕೋಲಾದ ಹತ್ತಿರ ಸಮುದ್ರ ಕಂಡಿತು. ಅವಳು ಬಹಳ ಹೊತ್ತು ನೋಡಿದಳು.

"ಇದು ಯಾವಾಗಲೂ ಹಿಂಗ ಒದರ್ತದೇನ್ರಿ?" ಎಂದು ಕೇಳಿದಳು.

"ಹೌದು ಬೇ, ಇದಕ್ಕ ಸೂಟಿ ಇಲ್ಲ."

ಅವಳಿಗೆ ಆ ಸದ್ದು ಬೇಳೆ ಮಿಲ್ಲಿನ ಹಾಗೆ ಕೇಳಿತು. ಅದರ ಪಕ್ಕದಲ್ಲಿ ಗಾಡಿ ನಿಲ್ಲಿಸಿದ ಕಡೆಗಳಲ್ಲೆಲ್ಲ ಸುಖವಾಗಿ ನಿದ್ದೆ ಮಾಡಿದಳು, ಅವನಿಗೇ ನಿದ್ದೆ ಬರಲಿಲ್ಲ. ಹೀಗೆ ಗೋಕರ್ಣ, ಕುಮಟಾ, ಹೊನ್ನಾವರ ಅಂತ ದಂಡೆ ಹಿಡಿದು ದಕ್ಷಿಣಕ್ಕೆ ಇಳಿದರು. ಒಂದೊಂದು ಕಡೆ ಎರಡೆರಡು ದಿನ ಇದ್ದರು. ಮೀನು ಕೊಂಡು ಸಾರು ಮಾಡಿ ರೊಟ್ಟಿ ಅದರಲ್ಲಿ ನೆನೆಸಿ ಉಂಡರು. ಅವನು ತತ್ತಿ ಕರಿಯಲು ಹೋಗಿ ಕೈ ಸುಟ್ಟುಕೊಂಡ. ಅವಳು ಕಾಲ ಮೇಲೆ ಸೀರೆ ಎತ್ತಿ ಹಿಡಿದು ನೀರಲ್ಲಿ ನಿಂತಳು, ಚಪ್ಪಲಿ ಒಂದು ತೆರೆ ಪಾಲಾಯಿತು, ಇನ್ನೊಂದನ್ನು ಅವಳೇ ಎಸೆದು ಬಂದಳು. ಸುಖವಾಗಿದ್ದೆ ಎಂದು ಅವಳೇ ಹೇಳಿದಳು. ಮದುವೆಯಾದಾಗಿನಿಂದ ಅವನ ಪಕ್ಕದಲ್ಲಿ ಅಷ್ಟು ಹೊತ್ತು ಕೂತದ್ದೇ ಇರಲಿಲ್ಲವಂತೆ. ಇನ್ನು ಆ ಮಾತು ಬಾರದಿದ್ದರೂ ಹೋಗಲಿ ಎಂದು ಒಂದೆರಡು ಸಲ ಅನಿಸಿತ್ತು ಎಂದೂ ಹೇಳಿದಳು.

ಮರವಂತೆಯ ಹತ್ತಿರ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ಅಲ್ಲಿ ಮುಂಜಾನೆ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಕೆಳಗಿಟ್ಟುಕೊಂಡು ಬಸ್ಸಿಗೆ ಕಾಯುತ್ತ ನಿಂತಿದ್ದವಳು ಇವರ ಗಾಡಿ ನೋಡಿ ಕೈ ಮಾಡಿದಳು. ಕೈ ಎತ್ತಿದವರನ್ನು ಕಂಡರೆ ದೇವೀಂದ್ರಪ್ಪನ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತದೆ. ಬಂದ ದಾರಿಯುದ್ದಕ್ಕೂ ಹಾಗೆ ಎಷ್ಟೋ ಜನರನ್ನು ಹತ್ತಿಸಿಕೊಂಡಿದ್ದ, ಮನಿಗಾಡಿಯನ್ನು ಮತ್ತೆ ಬಸ್ಸು ಮಾಡಿದಿರಿ ಎಂದು ಮರೆಮ್ಮ ನಕ್ಕಿದ್ದಳು. ಈ ಹೆಂಗಸಿನ ಕನ್ನಡ ಇವರಿಗೆ ಅರ್ಧ ತಿಳಿಯಿತು, ಇವರದು ಅವಳಿಗೆ ಕಾಲು ಭಾಗ. ಕುಂದಾಪುರದ ಮಾರ್ಕೆಟ್ಟಿಗೆ ಹೋಗಬೇಕು, ಇನ್ನೊಂದು ಬುಟ್ಟಿ ಕೆಳಗೆ ದೋಣಿಯ ಹತ್ತಿರ ಇದೆ, ತರುವ ತನಕ ಕಾಯುತ್ತೀರಾ ಎಂದು ಕೇಳಿದಳು. ದೇವೀಂದ್ರಪ್ಪ ಇಂಜಿನ್ ಬಂದ್ ಮಾಡಿದ. ಅವಳು ಮರಳಿನಲ್ಲಿ ಓಡತೊಡಗಿದಳು. ಅವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿ ಹೇಳಿದ.

"ನಿಧಾನ ಬರ್ರಿ ತಾಯಿ, ಓಡಬ್ಯಾಡ್ರಿ! ನೀವು ಬರೂತನಕ ಗಾಡಿ ಎಲ್ಲಿಗಿ ಹೋಗ್ತದ?"

ಮರೆಮ್ಮ ಆ ಮಾತು ಕೇಳಿದಳು. ಹೆಂಗಸು ಬುಟ್ಟಿ ತಂದಳು, ಕುಂದಾಪುರದಲ್ಲಿ ಇಳಿದಳು, ಬೇಡವೆಂದರೂ ಒಂದಿಷ್ಟು ಬಂಗಡೆ ಮೀನು ಇಟ್ಟು ಹೋದಳು.  ಆಮೇಲೆ ಮರೆಮ್ಮ ಗಾಡಿ ಪಕ್ಕಕ್ಕೆ ಹಾಕಲು ಹೇಳಿದಳು. ಹೊಟ್ಟೆ ತೊಳಸುತ್ತಿದೆ ಎಂದುಕೊಂಡು ಅವನು ನೀರಿನ ಬಾಟಲಿ ತೆಗೆದ.

"ನೀರು ಬ್ಯಾಡ. ಆಕಿಗಿ ಏನಂದ್ರಿ ಆಗ?"

"ಏನಂದೆ? ನಿಧಾನ ಬರ್ರಿ ಅಂದೆ."

"ನಮ್ಮವ್ವ ಸತ್ತ ದಿನ ನನಗ ಯಾಕ ಅನ್ಲಿಲ್ಲ?"

ಅವನು ಸ್ಟೇರಿಂಗ್ ಹಿಡಿದುಕೊಂಡು ಕೂತ. "ಅದು ಡ್ಯೂಟಿ ಇತ್ತಲ್ಲ ಬೇ..."

"ಖರೆ ಹೇಳ್ರಿ. ಅವತ್ತ ಟೈಮ್ ಆಗಿತ್ತೇನು?"

ಅವತ್ತಿನ ಖರೆಯನ್ನು ಅಲ್ಲಿಯೂ ಯಾಕೆ ಮುಚ್ಚಿಡಲಿಲ್ಲ ಎಂದು ನಾನು ಆಮೇಲೆ ಅವನನ್ನು ಕೇಳಿದ್ದೇನೆ. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇರಲಿಲ್ಲ ಅಕ್ಕೋರ, ಅಷ್ಟೇ ಎಂದ.

"ಆಗಿರ್ಲಿಲ್ಲ" ಎಂದ ಮರೆಮ್ಮನಿಗೆ. "ಟೈಮ್ ಇತ್ತು. ಕಂಡಕ್ಟರ್ ರಸೂಲ ಬ್ಯಾರೆ ತಡಿಯಪಾ, ಬರ್ಲಿ ಅಂದ. ಒಳಗ ಮಂದಿ ನಗಾಕತ್ತಿತ್ತು, ಡ್ರೈವರನ ಹೆಂಡ್ತೀನೇ ಕಾರಾಕತ್ಯಾಳ ನೋಡ್ರಿ ಅಂತ. ನನಗ ನಾಚಿಕಿ ಬಂತು. ನೀ ಮತ್ತ ಒಳಗ ಬಂದು ಕೂಡೂದು ಬ್ಯಾಡ ಅನಸ್ತು. ಗೇರ್ ಹಾಕಿದೆ."

"ಮತ್ತ ಇಷ್ಟು ವರ್ಷ ಟೈಮ್ ಟೈಮ್ ಅಂದ್ರಲ್ಲ?"

"ಮರುದಿನ ಡಿಪೋ ಸಾಹೇಬರು ಕೇಳಿದ್ರು. ಟೈಮ್ ಆಗಿತ್ರಿ ಅಂದೆ. ಅವರು 'ಭಲೇ' ಅಂದ್ರು. ಆಮ್ಯಾಲ ಹ್ಯಾಂಗ ಹಿಂದಕ ತಗೊಳ್ಲಿ?" ಅವನ ದನಿ ಅಷ್ಟು ಸಣ್ಣದಾದದ್ದನ್ನು ಅವಳು ಹಿಂದೆ ಕೇಳಿರಲಿಲ್ಲ. "ತಪ್ಪಾತು ಮರೆಮ್ಮ."

ಮಾತು ಬಂತು. ಮೂವತ್ತು ವರ್ಷ ಕಾದ ಮಾತು, ಕೇಳಿದ ಹಾಗೆಯೇ ಬಂತು. ಅದರ ಜೊತೆಗೆ ಅವಳು ಕೇಳಿರದ ಮಾತೂ ಬಂತು. ಅವಳು ಅಳಲಿಲ್ಲ, ಬಯ್ಯಲಿಲ್ಲ.

"ನೌಕರಿ ಹೋಗ್ತದಂತ ಅಂಜಿ ಬಿಟ್ಟೀರಿ ಅಂತ ತಿಳದು ನಾ ಬಾಳೇ ಮಾಡಿದೆ" ಎಂದಳು. "ಅಂಜಿಕಿಗಿ ಏನನ್ಲಿ, ಕೂಸಿನ ಹೊಟ್ಟಿ ಮಾತದು, ಒಂದಿನ ಮಾಫ್ ಮಾಡಬಹುದು ಅಂತಿದ್ದೆ. ನನ್ನ ನೋಡಿ ನಾಚಿದ್ರಿ ಅಂತ ಇವತ್ತ ಗೊತ್ತಾತು. ನನ್ನವ್ವನ ಮಾರಿ ನೋಡಾಕ ಹೊಂಟವಳನ್ನ ನೋಡಿ ನಾಚಿದ್ರಿ."

ಅವನು ಮತ್ತೆ ತಪ್ಪಾತು ಎಂದ. ಆ ಮಾತು ಈಗ ಸಲೀಸಾಗಿ ಬರುತ್ತಿತ್ತು, ಆದರೆ ಅದರಿಂದ ಯಾವ ಕೆಲಸವೂ ಆಗಲಿಲ್ಲ.

"ಬಸ್ ಸ್ಟ್ಯಾಂಡಿಗಿ ಬಿಡ್ರಿ ನನ್ನ. ಊರಿಗಿ ಹೋಗ್ತೇನಿ."

"ಬಸ್ಸಿನ್ಯಾಗ? ಹುಚ್ಚಿಗಿಚ್ಚಿ ಹಿಡದದೇನು? ಘಟ್ಟ ಅದ, ಹುಬ್ಬಳ್ಯಾಗ ಬಸ್ ಬದಲ ಮಾಡಬೇಕು. ಈ ಗಾಡ್ಯಾಗ ನಾನ ಕರಕೊಂಡು ಹೋಗ್ತೇನಿ, ಒಂದ ಮಾತೂ ಆಡಂಗಿಲ್ಲ."

"ಈ ಗಾಡ್ಯಾಗ ಈಗ ನನಗ ಕೂಡಾಕ ಆಗಂಗಿಲ್ರಿ."

ಅವಳ ದನಿ ದೊಡ್ಡದಾಗಿರಲಿಲ್ಲ, ಅದಕ್ಕೇ ಅವನು ಹೆದರಿದ. ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ಹುಬ್ಬಳ್ಳಿ ಬಸ್ಸು ನಿಂತಿತ್ತು. ಅವಳು ಸೀರೆ ಗಂಟು ಬಗಲಲ್ಲಿಟ್ಟುಕೊಂಡು ಆ ಮೆಟ್ಟಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಡ್ರೈವರ್ ಚಹಾ ಕುಡಿದು ಬರುತ್ತಿದ್ದ. ದೇವೀಂದ್ರಪ್ಪ ಅವನ ಕಡೆ ಎರಡು ಹೆಜ್ಜೆ ಹಾಕಿದ. ಒಂದೇ ಕಸುಬಿನವರು, ಹೇಳಿದರೆ ನಡೆಯುತ್ತದೆ, ನಮ್ಮಾಕೆಗೆ ಹೀಗೆ ಹೀಗೆ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಬೇಕೆಂದಿದ್ದ. ಮರೆಮ್ಮ ಅವನ ತೋಳು ಹಿಡಿದು ನಿಲ್ಲಿಸಿದಳು.

"ಡ್ರೈವರನ ಹೆಂಡ್ತಿ ಅಂತ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ."

ಅವನು ಹೇಳಲಿಲ್ಲ. ಅವಳು ಹತ್ತಿದಳು, ಬಸ್ಸು ಹೋಯಿತು. ಅವನು ಬಸ್ ಸ್ಟ್ಯಾಂಡಿನ ಹೊರಗೆ ಮನಿಗಾಡಿಯಲ್ಲಿ ಕೂತಿದ್ದ. ಮೀನು ಕೆಟ್ಟು ವಾಸನೆ ಬಂದ ಮೇಲೆ ಎದ್ದು ಅದನ್ನು ಎಸೆದನಂತೆ. ಆಗಲೇ ಹೊರಟು ಬಸ್ಸನ್ನು ಹಿಂಬಾಲಿಸಬಹುದಿತ್ತಲ್ಲ ಎಂದೆ. ಮನಸ್ಸು ಬಂತು, ಧೈರ್ಯ ಬರಲಿಲ್ಲ ಎಂದ.

ಅವಳು ಬಂದ ಎಷ್ಟೋ ದಿನದ ಮೇಲೆ ಅವನು ಬಂದ. ಅಷ್ಟು ದಿನ ಎಲ್ಲಿ ನಿಂತಿದ್ದ, ಏನು ಉಂಡ ಎಂದು ಅವಳು ಕೇಳಲಿಲ್ಲ. ಬಾಗಿಲು ಹಾಕಲೂ ಇಲ್ಲ. ಬಂದವನಿಗೆ ರೊಟ್ಟಿ ಬಡಿದಳು, ಪಲ್ಯ ಬಡಿಸಿದಳು. ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಬೇಕಾದಷ್ಟೇ ಮಾತಾಡುತ್ತಾರೆ, ಬೇಕಾದದ್ದಕ್ಕಿಂತ ಒಂದು ಮಾತೂ ಹೆಚ್ಚಿಲ್ಲ. ಮನಿಗಾಡಿ ಖಾಜಾನ ಗ್ಯಾರೇಜಿನ ಮುಂದೆ ನಿಂತಿದೆ, ಯಾರಾದರೂ ಕೊಂಡುಕೊಳ್ಳುವವರಿದ್ದರೆ ಹೇಳಿ ಎಂದು ನನಗೂ ಹೇಳಿದ್ದಾನೆ.

ಒಂದು ಕೆಲಸವನ್ನು ಮಾತ್ರ ಅವನು ಮಾಡಿದ. ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಯಾರೋ ಮತ್ತೆ ಹಳೇ ಹಾಡು ಶುರು ಮಾಡಿದಾಗ ಎದ್ದು ನಿಂತು, ಅದು ಸುಳ್ಳು, ಅವತ್ತು ಟೈಮ್ ಇತ್ತು, ನಾಚಿಕೆಗೆ ಬಿಟ್ಟು ಬಂದೆ ಎಂದು ಎಲ್ಲರ ಮುಂದೆ ಹೇಳಿದ. ಯಾರೂ ನಂಬಲಿಲ್ಲ. ನೋಡು, ತನ್ನ ಹೊಗಳಿಕೆಯನ್ನೂ ಒಲ್ಲೆ ಅಂತಾನೆ, ಎಂಥ ದೊಡ್ಡ ಮನುಷ್ಯ ಎಂದು ಮತ್ತಷ್ಟು ಹೊಗಳಿ ಅವನ ಚಹಾದ ದುಡ್ಡನ್ನೂ ತಾವೇ ಕೊಟ್ಟರು. ಊರಿಗೆ ಒಂದು ಕತೆ ಒಗ್ಗಿದರೆ ಖರೆ ಹೇಳುವವನಿಗೆ ಅಲ್ಲಿ ಜಾಗವಿಲ್ಲ.

ಇದಕ್ಕೆಲ್ಲ ಮೊದಲು, ಅವಳು ಕುಂದಾಪುರದಿಂದ ಊರಿಗೆ ಮರಳಿದ್ದು ಬೆಳಗಿನ ಹೊತ್ತು. ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಬಸ್ ಸ್ಟ್ಯಾಂಡ್ ಕಡೆಯಿಂದ ಒಬ್ಬಳೇ ಬರಿಗಾಲಲ್ಲಿ ಬಂದಳು, ಮುಖ ಬತ್ತಿತ್ತು, ಸೀರೆ ಸುಕ್ಕಾಗಿತ್ತು. ಹಿಂದೆ ಗಂಡನೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಕೂರಿಸಿ ಚಹಾ ಕೊಟ್ಟೆ. ನಡೆದದ್ದನ್ನೆಲ್ಲ ಹೇಳಿದಳು. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ, ಅವಳು ಚಹಾ ಊದಿ ಕುಡಿದಳು. ಕಡೆಗೆ ತಡೆಯಲಾರದೆ ಕೇಳಿದೆ.

"ಅಲ್ಲವಾ ಮರೆಮ್ಮ, ಅಷ್ಟು ದೂರದಿಂದ ಬಸ್ಸಿನ್ಯಾಗ ಬಂದಿಯಲ್ಲ, ವಾಂತಿ ಬರ್ಲಿಲ್ಲೇನು?"

"ಬರದೇನ್ರಿ ಅಕ್ಕೋರ, ಬಂತು. ಘಟ್ಟ ಏರೂ ಮುಂದ ಬಂತು, ಹುಬ್ಬಳ್ಳಿ ದಾಟಿದ ಮ್ಯಾಲ ಆ ಇನ್ನೊಂದು ಬಸ್ಸಿನ್ಯಾಗೂ ಬಂತು." ಚಹಾದ ಬಟ್ಟಲು ಕೆಳಗಿಟ್ಟಳು. "ಬಂದಾಗೊಮ್ಮೆ ಎದ್ದು ಕೈ ಮಾಡಿದೆ. ನಾ ಯಾರಂತ ಅವರಿಗೇನು ಗೊತ್ತು? ಕೈ ಮಾಡಿದಾಗೊಮ್ಮೆ ನಿಂದ್ರಸಿದ್ರು. ನಾ ತಿರುಗಿ ಬಂದು ಕೂಡೂತನಕ ಕಾದ್ರು."